ಕಣ್ಣಾರೆ ಕಂಡವರು

ಪಕ್ಕದ ಬಾಗಿಲಿನಿಂದ ನುಗ್ಗಿದ ಹುಡುಗ ಮೇಜಿನ ಮೇಲಿದ್ದ ಬ್ಯಾಗನ್ನು ಬಾಚಿಕೊಂಡು, ಬೋರ್ಡಿನ ಮುಂದೆ ನಿಂತಿದ್ದ ಪಲುಪಿಯ ಭುಜಕ್ಕೆ ಡಿಕ್ಕಿ ಹೊಡೆದು, ವರಾಂಡದ ಕಡೆಯ ಕಿಟಕಿ ಹಾರಿ ಮಾಯವಾದ. ಎಲ್ಲವೂ ಹಿಂದಿನ ದಿನ ಅಭ್ಯಾಸ ಮಾಡಿದಂತೆಯೇ ನಡೆಯಿತು. ಪಲುಪಿ ಕೂಡ, ಅಭ್ಯಾಸ ಮಾಡಿದಂತೆ, ಬಾಯಿಗೆ ಕೈ ಅಡ್ಡ ಹಿಡಿದು "ಅಯ್ಯೋ, ನನ್ನ ಬ್ಯಾಗು!" ಎಂದಳು. ಇನ್ನು ವಿದ್ಯಾರ್ಥಿಗಳು ಗರಬಡಿದಂತೆ ಕೂತಿರಬೇಕು. ಇವಳು ನಕ್ಕು, "ಈಗ ಕಾಗದ ತೆಗೀರಿ, ಏನು ನೋಡಿದ್ರೋ ಅದನ್ನ ಬರೀರಿ" ಅನ್ನಬೇಕು. ಪುಸ್ತಕದಲ್ಲಿ ಹಾಗಿತ್ತು.

ಪುಸ್ತಕ ಬರೆದವರ ದೇಶದಲ್ಲಿ ಮಕ್ಕಳು ಹಾಗೆ ಕೂತಿರುತ್ತಾರೋ ಏನೋ. ಇಲ್ಲಿ ಮುಂದಿನ ಸಾಲಿನ ಯುದಾಂತೊ, ತರಗತಿಗೇ ಜಾಣನೆನಿಸಿಕೊಂಡವನು, ಬೆಂಚು ಉರುಳುವಂತೆ ಎದ್ದು "ಕಳ್ಳ! ಕಳ್ಳ!" ಎಂದು ಕಿರುಚಿದ. ಕಿರುಚಿದ್ದೇ ತಡ, ಇಡೀ ತರಗತಿ ಎದ್ದಿತು. ಕೆಲವರು ಬಾಗಿಲಿನಿಂದ ಓಡಿದರು, ಕೆಲವರು ಕಿಟಕಿ ಹಾರಿದರು. "ಕೂತ್ಕೊಳ್ಳಿ! ಇದು ನಾಟಕ ಕಣ್ರೋ, ಕೂತ್ಕೊಳ್ಳಿ!" ಎಂದು ಪಲುಪಿ ಕೂಗಿದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಕೋಣೆಯಲ್ಲಿ ಉಳಿದವಳು ವೆನಿಂಗ್ ಒಬ್ಬಳೇ. ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂತು ಬಾಯಿ ಬಿಡದ ಹುಡುಗಿ ಅವಳು.

"ನಾಟಕ ಅಂದ್ರಾ ಬು?" ಎಂದಳು ವೆನಿಂಗ್. ಜೋಗ್ಜಾ ಊರಿನಲ್ಲಿ ಪಾಠ ಹೇಳುವ ಹೆಂಗಸರೆಲ್ಲರೂ ಮಕ್ಕಳ ಬಾಯಲ್ಲಿ ಬು, ತಾಯಿ.

"ಹೂಂನಮ್ಮ. ಅವನು ನಾಟಕ ವಿಭಾಗದ ಹುಡುಗ, ಗಾಡಿಂಗ್ ಅಂತ. ನಾನೇ ಹೇಳಿಕೊಟ್ಟು ಮಾಡಿಸಿದ್ದು. ನೆನಪಿನ ಬಗ್ಗೆ ಪಾಠ ಅಲ್ವಾ ಇವತ್ತು..."

ವೆನಿಂಗ್ ಕಿಟಕಿಯ ಕಡೆ ಕೈ ತೋರಿಸಿದಳು. ಕಾಂಪೌಂಡಿನ ಆಚೆ, ಹೊಳೆಯ ದಂಡೆಯ ಕೇರಿಯಲ್ಲಿ, ಕೆಂತೋಂಗನ್ ಬಡಿಯತೊಡಗಿತ್ತು. ಪ್ರತಿ ಕೇರಿಯ ಕಾವಲುಕಟ್ಟೆಯಲ್ಲೂ ತೂಗುಹಾಕಿರುವ ಟೊಳ್ಳು ಮರದ ತುಂಡು ಅದು. ಸಾವಿಗೆ ಒಂದು ಬಗೆಯ ಬಡಿತ, ಬೆಂಕಿಗೆ ಒಂದು, ನೆರೆ ಬಂದರೆ ಇನ್ನೊಂದು. ಈಗ ಬಡಿಯುತ್ತಿದ್ದದ್ದು ಉಸಿರು ಬಿಡದ ಬಡಿತ, ಕಳ್ಳನದು.

ಪಲುಪಿ ಹುಟ್ಟಿ ಬೆಳೆದದ್ದೂ ಇಂಥದೇ ಕೇರಿಯಲ್ಲಿ. ಆ ಬಡಿತ ಕೇಳಿ ಅವಳಪ್ಪ ಊಟದ ತಟ್ಟೆ ಬಿಟ್ಟು ದೊಣ್ಣೆ ಹಿಡಿದು ಓಡಿದ್ದನ್ನು ಅವಳು ನೋಡಿದ್ದಳು. ಆಟಕ್ಕೂ ಕಳ್ಳ ಎಂದು ಕೂಗಕೂಡದು, ಕೂಗಿದರೆ ನಾಲಿಗೆಗೆ ಮೆಣಸಿನಕಾಯಿ ಹಚ್ಚುತ್ತೇನೆ ಎಂದು ಅಮ್ಮ ಹೆದರಿಸಿದ್ದೂ ಉಂಟು. ಇಷ್ಟೆಲ್ಲ ಗೊತ್ತಿದ್ದವಳಿಗೆ ಪಾಠ ತಯಾರು ಮಾಡುವಾಗ ಇದರಲ್ಲಿ ಒಂದೂ ಹೊಳೆಯಲಿಲ್ಲ. ಪುಸ್ತಕ ತೆರೆದ ಕೂಡಲೇ ಸ್ವಂತ ಊರು ಮರೆತುಹೋಗುವುದು ಓದಿದವರಿಗೆಲ್ಲ ಅಂಟಿದ ಜಾಡ್ಯ.

ಅವಳ ಉದ್ದೇಶವೇನೋ ಒಳ್ಳೆಯದೇ ಇತ್ತು. ಮನಶ್ಶಾಸ್ತ್ರ ಪ್ರವೇಶ ಎನ್ನುವ ಪಾಠಕ್ಕೆ ಬಂದು ಕೂರುವ ಹೊಸಬರೆಲ್ಲ ಮೊದಲ ದಿನ ಕೇಳುವುದು ಒಂದೇ ಮಾತು: "ಬು, ನಾನೀಗ ಏನ್ ಯೋಚನೆ ಮಾಡ್ತಿದೀನಿ ಹೇಳಿ ನೋಡೋಣ." ಮನಶ್ಶಾಸ್ತ್ರವೆಂದರೆ ಸಂತೆಯಲ್ಲಿ ಕೈ ನೋಡಿ ಹೇಳುವ ವಿದ್ಯೆಯೇ ಕಾಲೇಜಿಗೆ ಬಂದು ಕೂತಿದೆ ಎಂದು ಅವರ ಲೆಕ್ಕ. ಹಾಗಲ್ಲ, ಇದು ಮನುಷ್ಯ ಹೇಗೆ ನೋಡುತ್ತಾನೆ, ಹೇಗೆ ಕಲಿಯುತ್ತಾನೆ, ಹೇಗೆ ನೆನಪಿಟ್ಟುಕೊಳ್ಳುತ್ತಾನೆ, ಹೇಗೆ ಹೆದರುತ್ತಾನೆ ಎಂಬುದನ್ನು ಪರೀಕ್ಷೆ ಮಾಡಿ ತಿಳಿಯುವ ಶಾಸ್ತ್ರ, ಬೇರೆಯವರ ಮನಸ್ಸು ಓದುವುದಕ್ಕಿಂತ ಮುಂಚೆ ನಮ್ಮ ಕಣ್ಣನ್ನೇ ಅನುಮಾನಿಸುವುದನ್ನು ಕಲಿಸುತ್ತದೆ ಎಂದು ಅವಳು ಹೇಳಿದ್ದಳು. ಮಕ್ಕಳು ಅದನ್ನು ಚೊಕ್ಕವಾಗಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಕಿಸೆಯಲ್ಲಿಟ್ಟುಕೊಂಡಿದ್ದರು. ಬರೆದುಕೊಂಡರೆ ಸಾಲದು, ಒಂದು ದಿನ ಅವರಿಗೆ ಅನುಭವಕ್ಕೇ ಬರಲಿ ಎಂದು ಅವಳು ಗಾಡಿಂಗನನ್ನು ಹಿಡಿದು ಈ ನಾಟಕ ಹೂಡಿದ್ದಳು. ನಿಜದ ಹಾಗಿರಲಿ ಎಂದು ಯಾರಿಗೂ ಹೇಳಿರಲಿಲ್ಲ, ವಿಭಾಗದ ಮುಖ್ಯಸ್ಥರಿಗೂ ಇಲ್ಲ.

"ಅವನು ಎಲ್ಲಿ ಹೋಗ್ತಾನೆ ಬು?" ವೆನಿಂಗ್ ಕೇಳಿದಳು.

"ಲೈಬ್ರರಿ ಹಿಂದಿನ ನಮಾಜಿನ ಕೋಣೇಲಿ ಕಾಯ್ತಿರು ಅಂದಿದ್ದೆ."

"ಅವನಿಗೆ ಫೋನ್ ಮಾಡಿ, ಹೊರಗೆ ಬರಬೇಡ ಅನ್ನಿ."

ಪಲುಪಿಯ ಫೋನು ಬ್ಯಾಗಿನಲ್ಲಿತ್ತು, ಗಾಡಿಂಗನ ನಂಬರು ಆ ಫೋನಿನಲ್ಲಿತ್ತು. ವೆನಿಂಗ್ ತನ್ನ ಫೋನಿನಿಂದ ಪಲುಪಿಯ ಫೋನಿಗೇ ಕರೆ ಮಾಡಿದಳು. ಪಾಠದ ಹೊತ್ತಿಗೆಂದು ಸದ್ದು ಅಡಗಿಸಿಟ್ಟಿದ್ದ ಫೋನು ಎಲ್ಲೋ ಸುಮ್ಮನೆ ನಡುಗುತ್ತಿತ್ತೇನೋ, ಯಾರೂ ಎತ್ತಲಿಲ್ಲ. ಇಬ್ಬರೂ ಕೆಂತೋಂಗನ್ ಸದ್ದಿನ ಕಡೆ ಓಡತೊಡಗಿದರು.

ಕಾಂಪೌಂಡಿನ ಗೋಡೆ ಸೋತೊ ಸಾರು ಮಾರುವ ಅಂಗಡಿಯ ಹಿಂದೆ ಕುಸಿದು ದಾರಿಯಾಗಿತ್ತು. ಮಕ್ಕಳೆಲ್ಲ ಮಧ್ಯಾಹ್ನದ ಊಟಕ್ಕೆ ಕೇರಿಗೆ ಇಳಿಯುವುದು ಅಲ್ಲಿಂದಲೇ. ಅಂಗಡಿಯ ಹೆಂಗಸು ಸೌಟು ಹಿಡಿದುಕೊಂಡೇ ಗೋಡೆಯ ಕಂಡಿಯಲ್ಲಿ ನಿಂತಿದ್ದಳು. "ಸಿಕ್ಕಿದ್ನಂತೆ ಬು! ಕಟ್ಟೆ ಹತ್ರ ಹಿಡಿದವ್ರಂತೆ!" ಎಂದು ಸಿಹಿಸುದ್ದಿ ಹೇಳುವಂತೆ ಹೇಳಿದಳು. ಗಾಡಿಂಗನ ಅಮ್ಮ ಸೋಲೋ ಊರಿನಲ್ಲಿ ಬಾತಿಕ್ ಬಟ್ಟೆಗೆ ಮೇಣ ಬರೆಯುವವಳು; ನಿನ್ನೆ ಅಭ್ಯಾಸ ಮುಗಿದ ಮೇಲೆ ಅವನು ಅವಳ ಬಗ್ಗೆಯೇ ಮಾತಾಡಿದ್ದ. ಆ ಹೆಂಗಸಿಗೆ ಏನು ಹೇಳುವುದು ಎಂಬ ಒಂದೇ ಯೋಚನೆ ಹಿಡಿದು ಪಲುಪಿ ಇಳಿಜಾರಿನ ಮೆಟ್ಟಿಲು ಇಳಿದಳು.

ಕಾವಲುಕಟ್ಟೆಯ ಮುಂದೆ ಜನ ಗುಂಪುಗಟ್ಟಿದ್ದರು. ಒಳಗಿನಿಂದ ಏಟಿನ ಸದ್ದು ಕೇಳುತ್ತಿತ್ತು. ಏಟು ತಿನ್ನುತ್ತಿದ್ದವನ ಸದ್ದು ಮಾತ್ರ ಇರಲಿಲ್ಲ. ಪಲುಪಿ ಮೊಣಕೈಯಿಂದ ತಿವಿಯುತ್ತ, ತನ್ನ ವಿದ್ಯಾರ್ಥಿಗಳ ಬೆನ್ನುಗಳನ್ನೇ ಸರಿಸುತ್ತ ಒಳಗೆ ನುಗ್ಗಿದಳು. ನೆಲದ ಮೇಲೆ ಕೂತಿದ್ದವನು ಗಾಡಿಂಗ್ ಅಲ್ಲ. ಅವಳಿಗೆ ಒಂದು ಗಳಿಗೆ, ಹೇಳಲು ನಾಚಿಕೆಯಾಗುವಷ್ಟು ಸಂತೋಷವಾಯಿತು.

ಆಮೇಲೆ ಅವನನ್ನು ನೋಡಿದಳು. ನಲವತ್ತು ದಾಟಿದ, ಕುಳ್ಳನೆಯ, ನೆತ್ತಿ ಬೋಳಾದ ಮನುಷ್ಯ. ಮಾಸಿದ ಕಂದು ಅಂಗಿ ಹೆಗಲಿನವರೆಗೆ ಹರಿದಿತ್ತು. ಗದ್ದ ಒಡೆದು ರಕ್ತ ಎದೆಗೆ ಇಳಿಯುತ್ತಿತ್ತು. ಗಾಡಿಂಗ್ ಇಪ್ಪತ್ತರ, ತೆಂಗಿನ ಗಿಡದಂತೆ ಬೆಳೆದ, ಭುಜದವರೆಗೆ ಕೂದಲು ಬಿಟ್ಟ ಹುಡುಗ.

"ಇವರಲ್ಲ!" ಎಂದಳು ಪಲುಪಿ. "ಬಿಡಿ ಅವರನ್ನ! ಇವರಲ್ಲ!"

"ಇವನೇ ಬು," ಎಂದ ಯುದಾಂತೊ. ಅವನ ಬೆರಳಿನ ಗೆಣ್ಣುಗಳು ಸುಲಿದಿದ್ದವು. "ನಾವೆಲ್ಲ ನೋಡಿದೀವಲ್ಲ. ಇವನು ಮುಂದೆ ಓಡ್ತಿದ್ದ, ನಾವು ಹಿಂದೆ."

"ಮುಂದೆ ಓಡ್ತಿದ್ದೆ ಅಪ್ಪಾ, ಕಳ್ಳನ್ನ ಹಿಡಿಯೋಕೆ ಓಡ್ತಿದ್ದೆ," ಎಂದ ನೆಲದ ಮನುಷ್ಯ. ಬಾಯಿ ಊದಿ ಮಾತು ತೊದಲುತ್ತಿತ್ತು. "ಕೂಗು ಕೇಳಿಸ್ತು, ಬೇಚಾ ಬಿಟ್ಟು ಓಡಿದೆ. ಎಲ್ರೂ ಓಡೋ ಹಾಗೇ..."

"ನೋಡಿದ್ರಾ, ಎಷ್ಟ್ ಸಲ ಮಾತು ತಿರುಗಿಸ್ತಾನೆ!" ಎಂದು ಒಬ್ಬ ಅವನ ಬೆನ್ನಿಗೆ ಒದ್ದ. "ಈಗ ತಾನೇ ಒಪ್ಕೊಂಡಿದ್ದ ಬೋಳಿಮಗ. ಬ್ಯಾಗು ಹೊಳೆಗೆ ಎಸ್ದೆ ಅಂದ. ಹುಡುಗ್ರು ಇಳಿದು ಹುಡುಕ್ತಾವ್ರೆ."

ಅವನ ಹೆಸರು ತುಕಿಜಾನ್, ಗುನುಂಗ್‌ಕಿದುಲ್ ಕಡೆಯವನು, ಬೇಚಾ, ಅಂದರೆ ಸೈಕಲ್ ರಿಕ್ಷಾ, ತುಳಿಯುವವನು ಎಂದು ಪಲುಪಿಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಅವನು ಆ ಕೇರಿಯಲ್ಲಿ ಯಾರ ಮಗನೂ ಅಲ್ಲದ, ಯಾರ ನೆಂಟನೂ ಅಲ್ಲದ ಒಬ್ಬ ಮನುಷ್ಯ. ಅಷ್ಟು ಸಾಕಾಗಿತ್ತು.

ಪಲುಪಿ ಅವನ ಪಕ್ಕದಲ್ಲೇ ನೆಲಕ್ಕೆ ಕೂತು ಅವನ ತಲೆಗೆ ತನ್ನ ಎರಡೂ ಕೈ ಅಡ್ಡ ಹಿಡಿದಳು. ಕಾಲೆತ್ತಿದವನು ಕಾಲಿಳಿಸಿದ. "ಕೇಳಿ ದಯವಿಟ್ಟು. ಕಳ್ಳತನವೇ ಆಗಿಲ್ಲ. ನಾಟಕ ಅದು. ಪಾಠಕ್ಕೋಸ್ಕರ ನಾನೇ ಒಬ್ಬ ಹುಡುಗನ ಕೈಲಿ ಬ್ಯಾಗ್ ಎತ್ತಿಸಿದೆ."

ಗುಂಪಿನಲ್ಲಿ ಯಾರೋ ನಕ್ಕರು.

"ಬು ಮನಸ್ಸು ಮೆತ್ತಗೆ," ಎಂದಳು ಒಬ್ಬ ಮುದುಕಿ. "ರಕ್ತ ನೋಡಿ ಕರುಳು ಚುರುಕ್ ಅಂದಿರ್ಬೇಕು. ಬಿಟ್ಟುಬಿಡಿಸೋಕೆ ಕತೆ ಕಟ್ತಾವ್ರೆ."

"ತನ್ನ ಬ್ಯಾಗು ತಾನೇ ಕದಿಸೋ ಮೇಡಮ್ಮು! ಯಾವ ಶಾಸ್ತ್ರನಮ್ಮಾ ಅದು?"

ಪಲುಪಿ ಯುದಾಂತೊನ ಕಡೆ ತಿರುಗಿದಳು. ಇವನೊಬ್ಬ ಅರ್ಥ ಮಾಡಿಕೊಂಡರೆ ಉಳಿದ ಮಕ್ಕಳೂ ಅರ್ಥ ಮಾಡಿಕೊಳ್ಳುತ್ತಾರೆ, ಮಕ್ಕಳು ಹೇಳಿದರೆ ಕೇರಿಯವರು ನಂಬುತ್ತಾರೆ ಎಂದು ಅವಳ ಆಸೆ. "ಯುದಾಂತೊ, ಸಮಾಧಾನವಾಗಿ ನೆನಪು ಮಾಡ್ಕೋ. ಕ್ಲಾಸಿಗೆ ಬಂದವನು ಹೇಗಿದ್ದ?"

"ಕುಳ್ಳಗಿದ್ದ ಬು. ಕೆಂಪು ಅಂಗಿ. ಗದ್ದದ ಮೇಲೆ ಗಾಯ."

"ಗಾಯ ಈಗ ನೀವು ಮಾಡಿದ್ದಲ್ವೇನೋ!"

"ಇಲ್ಲ ಬು. ಕ್ಲಾಸಲ್ಲೇ ನೋಡಿದೆ ನಾನು." ಅವನ ಕಣ್ಣಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. "ನಿಮ್ಮ ಭುಜಕ್ಕೆ ಡಿಕ್ಕಿ ಹೊಡೆದಾಗ ನನ್ನ ಮುಖಾನೇ ನೋಡಿದ. ಸತ್ತರೂ ಮರೆಯಲ್ಲ."

ಉಳಿದವರೂ ಹೌದೆಂದರು. ಒಬ್ಬಳಿಗೆ ಅವನ ಕೈಯಲ್ಲಿ ಚಾಕು ಕಂಡಿತ್ತು. ಇನ್ನೊಬ್ಬನಿಗೆ ಅವನು ಬೈದದ್ದು ಕೇಳಿಸಿತ್ತು. ಗಾಡಿಂಗ್ ತುಟಿ ಬಿಚ್ಚಿರಲಿಲ್ಲ. ಪುಸ್ತಕದಲ್ಲಿ ಬರೆದದ್ದೆಲ್ಲ ಅಕ್ಷರಕ್ಕೆ ಅಕ್ಷರ ನಿಜವಾಗುತ್ತಿತ್ತು, ಪಲುಪಿಗೆ ಆ ಪುಸ್ತಕದ ಮೇಲೆಯೇ ಹೇಸಿಗೆಯಾಯಿತು.

ಆಗ ಅವಳಿಗೆ ಬಾಟಲಿ ಕಂಡಿತು. ಕಟ್ಟೆಯ ಎದುರಿನ ಅಂಗಡಿಯಲ್ಲಿ ಮೋಟಾರ್‌ ಬೈಕಿನವರಿಗೆಂದು ಗಾಜಿನ ಬಾಟಲಿಗಳಲ್ಲಿ ಪೆಟ್ರೋಲು ತುಂಬಿ ಸಾಲಾಗಿ ಇಟ್ಟಿದ್ದರು. ಪಟ್ಟಿ ಬನಿಯನ್ನಿನ ಯುವಕನೊಬ್ಬ ಅದರಲ್ಲಿ ಒಂದನ್ನು ಎತ್ತಿಕೊಂಡು ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದ. ಅದು ಯಾಕೆ ಎಂದು ಯಾರೂ ಕೇಳಲಿಲ್ಲ. ಅವನ ಪಕ್ಕದಲ್ಲಿದ್ದವರು ಮಾತ್ರ ತುಸು ದೂರ ಸರಿದು ಜಾಗ ಕೊಟ್ಟಿದ್ದರು. ಹೋದ ತಿಂಗಳು ಕೇರಿಯಲ್ಲಿ ಮೂರು ಮನೆಯ ಬೈಕು ಕಳುವಾಗಿದ್ದವು; ಕಳ್ಳ ಸಿಕ್ಕಿರಲಿಲ್ಲ.

ವೆನಿಂಗ್ ಪಲುಪಿಯ ಹೆಗಲ ಹತ್ತಿರ ಬಗ್ಗಿದಳು. "ಬು, ನಾನು ಹೋಗಿ ಕರ್ಕೊಂಡು ಬರ್ತೀನಿ."

"ಅವನನ್ನ ಇಲ್ಲಿಗಾ?" ಎಂದಳು ಪಲುಪಿ. ಕರೆಸಿದರೆ ಗಾಡಿಂಗನ ಗತಿ ಏನಾಗುತ್ತದೋ. ಕರೆಸದಿದ್ದರೆ ಈ ಮನುಷ್ಯನ ಗತಿ ಏನೆಂಬುದು ಬಾಟಲಿಯಲ್ಲಿ ಕಾಣುತ್ತಿತ್ತು.

"ಹೋಗು," ಎಂದಳು. "ಬ್ಯಾಗು ಅವನ ಕೈಲೇ ಇರಲಿ. ನೀನು ಮುಂದೆ ನಡಿ."

ಕೇರಿಯ ಯಜಮಾನ ಪಾಕ್ ಮರ್ಜುಕಿ ಬಂದದ್ದು ಅಷ್ಟರಲ್ಲಿ. ಹೆಂಗಸರಿಗೆ ಬು ಇದ್ದಂತೆ ಹಿರಿಯ ಗಂಡಸರಿಗೆ ಪಾಕ್, ಅಪ್ಪ. ಟೋಪಿ ಸರಿಮಾಡಿಕೊಳ್ಳುತ್ತ, ಮಧ್ಯಾಹ್ನದ ನಿದ್ದೆ ಹಾಳಾದ ಸಿಟ್ಟಿನಲ್ಲಿ ಬಂದ. ಎಲ್ಲರ ಮಾತು ಕೇಳಿದ. ಎಲ್ಲರೂ ಒಂದೇ ಮಾತು ಹೇಳಿದರು, ಪಲುಪಿ ಒಬ್ಬಳು ಬೇರೆ ಹೇಳಿದಳು.

"ಪೊಲೀಸರಿಗೆ ಹೇಳಿದೀನಿ," ಎಂದ ಮರ್ಜುಕಿ. "ಅವರು ಬರೋವರೆಗೂ ಯಾರೂ ಕೈ ಮುಟ್ಟಬೇಡಿ."

"ಹೋದ್ ಸಲಾನೂ ಪೊಲೀಸರಿಗೆ ಕೊಟ್ಟಿದ್ವಿ ಪಾಕ್! ಸಂಜೆಗೆ ಬಿಟ್ಟು ಕಳಿಸಿದ್ರು!"

"ಈ ಯಮ್ಮನ್ನೂ ಸೇರಿಸಿ ಕೊಡಿ. ಅವನ ಜೊತೆ ಇವಳೂ ಶಾಮೀಲು ಇರ್ಬೇಕು. ಇಲ್ದಿದ್ರೆ ಕಳ್ಳನ್ನ ತಬ್ಕೊಂಡು ಯಾಕೆ ಕೂತಾಳೆ?"

ಮಾತು ಹೇಳಿದವನು ಯಾರೋ ಗೊತ್ತಾಗಲಿಲ್ಲ, ಆದರೆ ಅದು ಬಾಯಿಂದ ಬಾಯಿಗೆ ಹಬ್ಬಿತು. ಪಲುಪಿ ತನ್ನ ವಿದ್ಯಾರ್ಥಿಗಳ ಮುಖ ನೋಡಿದಳು. ಬೆಳಿಗ್ಗೆ "ಬು, ಬು" ಎಂದು ಬಾಗಿಲವರೆಗೆ ಬಂದು ಪುಸ್ತಕ ಹೊತ್ತುಕೊಂಡ ಮಕ್ಕಳು ಈಗ ಅವಳನ್ನು ಹೊಸಬಳನ್ನು ನೋಡುವಂತೆ ನೋಡುತ್ತಿದ್ದರು. ಅವಳಿಗೆ ಭಯವಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಎದ್ದರೆ ಈ ಮನುಷ್ಯನ ತಲೆಯ ಮೇಲಿಂದ ಕೈ ತೆಗೆಯಬೇಕಾಗುತ್ತಿತ್ತು, ಅದಕ್ಕೇ ಕೂತಳು.

ಬನಿಯನ್ನಿನ ಯುವಕ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಪೆಟ್ರೋಲಿನ ವಾಸನೆ ಬಂತು.

"ಪಾಕ್, ನಾಟಕ ಆಡಿದ ಹುಡುಗ ಬರ್ತಿದಾನೆ," ಪಲುಪಿ ಮರ್ಜುಕಿಯ ಪಂಚೆಯ ಅಂಚು ಹಿಡಿದಳು. "ಬ್ಯಾಗು ತರ್ತಿದಾನೆ. ಅದರಲ್ಲಿ ನನ್ನ ಫೋಟೋ ಇರೋ ಕಾರ್ಡಿದೆ. ಅವನು ಬರೋವರೆಗೆ ನಿಲ್ಲಿ. ಬರದಿದ್ರೆ ನಿಮಗೆ ಬೇಕಾದ್ದು ಮಾಡಿ, ನನಗೆ ಮೊದಲು ಮಾಡಿ."

ಮರ್ಜುಕಿ ಅವಳನ್ನು ನೋಡಿದ, ಬಾಟಲಿಯನ್ನು ನೋಡಿದ, ಗುಂಪನ್ನು ನೋಡಿದ. ದೊಡ್ಡ ಧೈರ್ಯಸ್ಥನೇನಲ್ಲ ಅವನು. ಆದರೂ ಒಂದು ಹೆಜ್ಜೆ ಮುಂದೆ ಇಟ್ಟು ಬನಿಯನ್ನಿನವನಿಗೂ ಪಲುಪಿಗೂ ನಡುವೆ ನಿಂತ. "ನನ್ನ ಕಟ್ಟೆ ಮುಂದೆ ಅದೆಲ್ಲ ನಡೆಯಲ್ಲ. ಮೊದಲು ಆ ಹುಡುಗ ಬರ್ಲಿ," ಎಂದ.

ಅವರು ಕಾದರು. ಹೊಳೆಯ ಕಡೆಯಿಂದ ಹುಡುಗರು ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ಕೇಳುತ್ತಿತ್ತು. ತುಕಿಜಾನ್ ಪಲುಪಿಯ ತೋಳಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ, ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಯಾರೋ "ಎಷ್ಟೊತ್ತು ಪಾಕ್?" ಎಂದರು. ಇನ್ಯಾರೋ "ಸುಳ್ಳು, ಎಲ್ಲ ಸುಳ್ಳು" ಎಂದರು. ಗಾಡಿಂಗ್ ಓಡಿಹೋಗಿರಬಹುದು, ತಾನಾಗಿದ್ದರೆ ಓಡಿಹೋಗುತ್ತಿದ್ದೆ ಎಂದುಕೊಂಡಳು ಪಲುಪಿ.

ಮೆಟ್ಟಿಲ ಮೇಲೆ ಮೊದಲು ವೆನಿಂಗ್ ಕಾಣಿಸಿದಳು. ಕ್ಲಾಸಿನಲ್ಲಿ ಹಾಜರಿಗೂ ಬಾಯಿ ಬಿಡದ ಹುಡುಗಿ ಈಗ ಗಟ್ಟಿಯಾಗಿ ಕೂಗುತ್ತ ಬರುತ್ತಿದ್ದಳು: "ದಾರಿ ಬಿಡಿ! ಯಾರೂ ಮುಟ್ಟಬೇಡಿ! ದಾರಿ ಬಿಡಿ ಅಣ್ಣಾ!" ಅವಳ ಹಿಂದೆ, ಅವಳ ಅಂಗಿಯ ತುದಿ ಹಿಡಿದುಕೊಂಡು, ಗಾಡಿಂಗ್. ಕಡು ನೀಲಿ ಜಾಕೆಟ್ಟು, ಭುಜಕ್ಕೆ ಇಳಿದ ಕೂದಲು. ಪಲುಪಿಯ ಒಣಹುಲ್ಲಿನ ಬಣ್ಣದ, ಚಾಪೆಯಂತೆ ಹೆಣೆದ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದ. ಕೆಂತೋಂಗನ್ ಕೇಳಿದ ಕೂಡಲೇ ನಮಾಜಿನ ಕೋಣೆಯ ಚಿಲಕ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದನಂತೆ. ವೆನಿಂಗ್ ಬಾಗಿಲು ಬಡಿದು, ಬೈದು, ಅತ್ತು ಹೊರಗೆ ಕರೆದಿದ್ದಳು.

ಅವನು ಬಂದು ತುಕಿಜಾನನ ಪಕ್ಕ ನಿಂತ. ಮರ್ಜುಕಿ ಬ್ಯಾಗು ತೆಗೆದು, ಒಳಗಿನ ಕಾರ್ಡು ಹೊರಗೆಳೆದು, ಪಲುಪಿಯ ಮುಖಕ್ಕೆ ಹೋಲಿಸಿ ನೋಡಿದ. "ಯಾ ಅಲ್ಲಾ," ಎಂದು ಕಾರ್ಡನ್ನು ಒಳಗಿಟ್ಟ.

ಆ ಇಬ್ಬರನ್ನು ಒಟ್ಟಿಗೆ ನೋಡಿದರೆ ಒಬ್ಬರಿಗೊಬ್ಬರು ಹೋಲಿಕೆಯೇ ಇಲ್ಲವೆಂದು ಕುರುಡನೂ ಹೇಳುತ್ತಿದ್ದ. ಮುದುಕಿ ಮೊದಲು ಹೊರಟಳು. ಆಮೇಲೆ ಒಬ್ಬೊಬ್ಬರೇ, ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾದವರಂತೆ, ಸರಿಯತೊಡಗಿದರು. ಒದ್ದವನು ಆಗಲೇ ಇರಲಿಲ್ಲ. ಬನಿಯನ್ನಿನವನು ಬಾಟಲಿಯ ಮುಚ್ಚಳ ಬಿಗಿಮಾಡಿ ಸಾಲಿನಲ್ಲಿ ಅದರ ಜಾಗಕ್ಕೇ ಇಟ್ಟು, ಬೆರಳು ಬನಿಯನ್ನಿಗೆ ಒರೆಸಿಕೊಂಡ.

ಯುದಾಂತೊ ಮಾತ್ರ ನಿಂತಿದ್ದ. ಗಾಡಿಂಗನನ್ನು ಮೇಲಿನಿಂದ ಕೆಳಗೆ ನೋಡಿದ. "ಇವನಲ್ಲ ಬು," ಎಂದ. "ಇವನನ್ನ ನಾನು ನೋಡೇ ಇಲ್ಲ. ದೇವರಾಣೆ. ಅವನೇ ಬಂದಿದ್ದು." ಹೇಳುತ್ತ ಹೇಳುತ್ತ ಅಳತೊಡಗಿದ. ಪಲುಪಿಗೆ ಅವನನ್ನು ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. "ಹೋಗಿ ನೀರು ತಗೊಂಡು ಬಾ, ಅವರ ಮುಖ ತೊಳೀಬೇಕು," ಎಂದಳಷ್ಟೇ.

ಕಟ್ಟೆಯ ಹಿಂದೆ, ಹೊಳೆಯ ಕಡೆಗೆ ಇರುವ ಮೋಟುಗೋಡೆಯ ಮೇಲೆ ತುಕಿಜಾನನನ್ನು ಕೂರಿಸಿದರು. ಆಸ್ಪತ್ರೆಗೆ ಕರೆದೊಯ್ಯಲು ಮರ್ಜುಕಿ ತನ್ನ ಕಾರು ತರಲು ಹೋದ. ಸೋತೊ ಅಂಗಡಿಯ ಹೆಂಗಸು ಹೇಳದೆಯೇ ಸಕ್ಕರೆ ಹೆಚ್ಚು ಹಾಕಿದ ಚಹಾ ಕಳಿಸಿದ್ದಳು. ಪಲುಪಿ ಅವನ ಕಾಲ ಹತ್ತಿರ ಕೂತು, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ತಪ್ಪಾಯಿತು ಎಂದು ಎಷ್ಟೋ ಸಲ ಹೇಳಿದಳು. ಅವನು ಪ್ರತಿ ಸಲವೂ "ಇರ್ಲಿ ಬು, ಇರ್ಲಿ," ಎಂದ. ಇರಲಿ ಅನ್ನುವವನ ಊದಿದ ಬಾಯಿಂದ ಚಹಾ ಸೋರುತ್ತಿತ್ತು.

"ಹೊಳೆಗೆ ಎಸೆದೆ ಅಂತ ಯಾಕೆ ಅಂದ್ರಿ ಪಾಕ್?" ಪಲುಪಿ ಕೊನೆಗೆ ಕೇಳಿದಳು. "ಹೊಡೆತ ತಾಳಲಾರದೆ ಅಲ್ವಾ?"

ತುಕಿಜಾನ್ ಯೋಚಿಸಿದ. "ಮೊದ್ಲು ಹಾಗೇ ಅಂದೆ ಬು. ಆಮೇಲೆ..." ಅವನು ಅವಳ ಮಡಿಲಿನ ಬ್ಯಾಗನ್ನು ದಿಟ್ಟಿಸಿದ. "ಅಷ್ಟು ಜನ ಓದಿದ ಮಕ್ಳು, ಸುಳ್ಳ್ ಹೇಳ್ತಾರಾ? ಕೈಯಲ್ಲಿ ಇದ್ದಂಗೇ ಅನ್ನಿಸ್ತು. ಎಸೆದಿದ್ದೂ ಕಂಡಂಗಾಯ್ತು, ನೀರು ಚಿಮ್ಮಿದ್ದೂ. ಆದ್ರೆ ಅದು ಕಪ್ಪಗಿತ್ತು ಬು. ಇದಲ್ಲ."

"ಇರೋದು ಇದೊಂದೇ ಪಾಕ್. ನೀವೇನೂ ತಗೊಂಡಿಲ್ಲ. ಏನೂ ಎಸೆದಿಲ್ಲ."

"ಹೂಂ ಬು," ಎಂದ ತುಕಿಜಾನ್, ದೊಡ್ಡವರ ಮಾತಿಗೆ ಎದುರಾಡಬಾರದೆಂದು.

ಕೆಳಗೆ ಹೊಳೆಯಲ್ಲಿ ಇಳಿದ ಹುಡುಗರಿಗೆ ವಿಷಯ ತಿಳಿಸಲು ಯಾರಿಗೂ ನೆನಪಾಗಿರಲಿಲ್ಲ. ಸೊಂಟದವರೆಗೆ ನೀರಲ್ಲಿ ನಿಂತು ಇನ್ನೂ ಕಾಲಿನಿಂದ ತಡಕುತ್ತಿದ್ದರು. ಅವರಲ್ಲೊಬ್ಬ ತಲೆಯೆತ್ತಿ, ಗೋಡೆಯ ಮೇಲೆ ಕೂತವನನ್ನು ಕಂಡು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ಹೇಯ್, ಎಲ್ಲಿ ಎಸೆದೆಯೋ? ಸರಿಯಾಗಿ ಹೇಳು!"

ಪಲುಪಿ ಏಳುವುದಕ್ಕೆ ಮುಂಚೆಯೇ ತುಕಿಜಾನ್ ಲೋಟ ಕೆಳಗಿಟ್ಟು, ಗೋಡೆ ಹಿಡಿದು ನಿಂತು, ಊದಿದ ಕೈ ಚಾಚಿ ತೋರಿಸಿದ.

"ಇನ್ನೂ ಸ್ವಲ್ಪ ಬಲಕ್ಕಪ್ಪಾ," ಎಂದ. "ಆ ಕಲ್ಲಿನ ಆಚೆ."

ಹುಡುಗರು ಬಲಕ್ಕೆ ಸರಿದು ಮತ್ತೆ ನೀರಿಗೆ ಬಾಗಿದರು.